ಅರ್ಜಿ ಹೋದ ಮೇಲೆ ಮೇಜರ್ ಬದಲಿಸುವುದು

ಡಿಸೆಂಬರ್ 10, 2024, ಮಂಗಳವಾರ

ಡಿಸೆಂಬರ್ ಎಂದರೆ ಅಮೆರಿಕದ ಕಾಲೇಜುಗಳಿಗೆ ನವೆಂಬರ್ 1ರ ಗಡುವಿಗೆ ಹೋದ ಅರ್ಜಿಗಳಿಗೆ ಉತ್ತರ ಬರುವ ಹೊತ್ತು. ಜನವರಿ ಮೊದಲ ವಾರದ ಗಡುವಿನವು ಇನ್ನೂ ಕೈಯಲ್ಲೇ ಇವೆ. ಮೇಜರ್, ಅಂದರೆ ಓದಲಿರುವ ಮುಖ್ಯ ವಿಷಯ, ಕಂಪ್ಯೂಟರ್ ಸೈನ್ಸ್ ಎಂದು ಬರೆದವರಿಗೆ ಅರ್ಥಶಾಸ್ತ್ರ ಓದಬೇಕೆನಿಸುವುದು, ಬಯಾಲಜಿಯವರ ಮನಸ್ಸು ಎಂಜಿನಿಯರಿಂಗ್ ಕಡೆ ತಿರುಗುವುದು ಸಾಮಾನ್ಯವಾಗಿ ಈ ದಿನಗಳಲ್ಲೇ. ಮನಸ್ಸು ಬದಲಾದರೆ ಗಾಬರಿ ಬೇಡ. ಆದರೆ ತಡ ಮಾಡಬೇಡಿ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಮೇಜರ್ ಕೇಳುವುದು ಆಯಾ ಕಾಲೇಜಿನ ಸ್ವಂತ ಪ್ರಶ್ನೆಗಳ ಭಾಗದಲ್ಲಿ. ಹಾಗಾಗಿ ಇನ್ನೂ ಕಳಿಸದ ಕಾಲೇಜಿಗೆ ಬೇರೆ ಮೇಜರ್ ಹಾಕಲು ಯಾರ ಅನುಮತಿಯೂ ಬೇಡ. ಕಳಿಸಿದ್ದನ್ನು ಮಾತ್ರ ತಿದ್ದಲಾಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯೂ ಹಾಗೇ: ಸಲ್ಲಿಸಿದ ಮೇಲೆ ಫೋನ್, ವಿಳಾಸದಂಥ ವಿವರ ಬದಲಿಸಬಹುದು. ಮೇಜರ್‌ಗಾಗಿ ಆಯಾ ಕ್ಯಾಂಪಸ್ಸನ್ನೇ ಕೇಳಬೇಕು.

ಕೇಳುವ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳಿ: ಹಳೆಯ ಮೇಜರ್, ಹೊಸ ಮೇಜರ್ ಎರಡೂ ವಿಶ್ವವಿದ್ಯಾಲಯದೊಳಗಿನ ಒಂದೇ ಕಾಲೇಜಿಗೆ ಸೇರಿದವೇ? ಎಲ್ಲವೂ ನಿಂತಿರುವುದು ಇದರ ಮೇಲೆ. ಹಾರ್ವರ್ಡ್‌ನಲ್ಲಿ ವಿಷಯ ಘೋಷಿಸುವುದು ಎರಡನೇ ವರ್ಷದಲ್ಲಿ, ಅಲ್ಲಿಗೆ ಪತ್ರ ಬರೆಯುವ ಅಗತ್ಯವೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್‌ಎಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜು ಹೊಸಬರ ಆಯ್ಕೆಯಲ್ಲಿ ಮೇಜರ್ ನೋಡುವುದಿಲ್ಲ. ಅಲ್ಲಿನ ಎಂಜಿನಿಯರಿಂಗ್ ಶಾಲೆ ನೋಡುತ್ತದೆ. ಕಾರ್ನೆಲ್‌ನಲ್ಲಿ ಅರ್ಜಿ ಹೋಗುವುದೇ ನಿರ್ದಿಷ್ಟ ಕಾಲೇಜಿಗೆ. ಇಂಥ ಕಡೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಗೋಡೆ ದಾಟುವುದೆಂದರೆ ಬೇರೆ ಎಸ್ಸೆ, ಬೇರೆ ಗಣಿತ-ಭೌತಶಾಸ್ತ್ರದ ನಿರೀಕ್ಷೆ, ಬೇರೆ ಸೀಟುಗಳು. ಸಂಗೀತ, ವಾಸ್ತುಶಿಲ್ಪಕ್ಕಾದರೆ ಆಡಿಷನ್ ಅಥವಾ ಪೋರ್ಟ್‌ಫೋಲಿಯೊ ಕಳಿಸುವ ದಿನ ದಾಟಿರಲೂಬಹುದು.

ಮೊದಲು ಅರ್ಜಿದಾರರ ಪೋರ್ಟಲ್ ನೋಡಿ, ಕೆಲವು ಕಡೆ ಮೇಜರ್ ಬದಲಾವಣೆಗೆ ಅಲ್ಲೇ ಫಾರಂ ಇರುತ್ತದೆ. ಇಲ್ಲದಿದ್ದರೆ ಅಡ್ಮಿಷನ್ಸ್ ಆಫೀಸಿಗೆ ಇಮೇಲ್. ಅರ್ಜಿಯಲ್ಲಿ ಕೊಟ್ಟ ವಿಳಾಸದಿಂದಲೇ, ವಿದ್ಯಾರ್ಥಿಯೇ ಕಳಿಸಬೇಕು. ಅಪ್ಪ-ಅಮ್ಮ ಬರೆದರೆ ಕೆಲಸ ನಿಧಾನವಾಗುತ್ತದೆ. ಅರ್ಜಿಯಲ್ಲಿದ್ದಂತೆ ಹೆಸರು, ಜನ್ಮದಿನಾಂಕ, ಅರ್ಜಿ ಸಂಖ್ಯೆ, ಈಗಿನ ಮೇಜರ್, ಬೇಕಾದ ಮೇಜರ್, ಕಾರಣಕ್ಕೆ ಎರಡು ಸಾಲು. ಕೊನೆಗೆ "ಹೊಸ ಎಸ್ಸೆ ಕಳಿಸಬೇಕೇ?" ಎಂಬ ಪ್ರಶ್ನೆ ಮರೆಯಬಾರದು. ಬಹಳಷ್ಟು ಕೋರಿಕೆಗಳು ಎಡವುವುದು ಇಲ್ಲೇ: ಮೇಜರ್ ಅರ್ಥಶಾಸ್ತ್ರವಾಗಿರುತ್ತದೆ, "ಈ ವಿಷಯ ಏಕೆ" ಎಂಬ ಎಸ್ಸೆ ಮಾತ್ರ ಇನ್ನೂ ರೋಬಾಟ್‌ಗಳ ಬಗ್ಗೆ ಮಾತಾಡುತ್ತಿರುತ್ತದೆ. ಫೈಲು ಓದುವವರಿಗೆ ಅದು ಗೊಂದಲ. ಓದಿ ಮುಗಿದ ಮೇಲೆ ಬಂದ ಕೋರಿಕೆಗೆ ಬೆಲೆಯೂ ಕಡಿಮೆ.

ಬೇಡಿಕೆ ಕಡಿಮೆಯಿರುವ ಮೇಜರ್‌ನಲ್ಲಿ ಒಳಹೊಕ್ಕು ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಜಿಗಿಯುವ ಉಪಾಯವನ್ನು ನಾನು ಯಾರಿಗೂ ಹೇಳಲಾರೆ. ಕಾರ್ನೆಗಿ ಮೆಲನ್‌ನಂಥ ಕಡೆ ಒಳಗಿನಿಂದ ಬದಲಾಗುವುದು ಮತ್ತೊಂದು ಸ್ಪರ್ಧೆ. ಸೋತರೆ ನಾಲ್ಕು ವರ್ಷ ಬೇಡದ ವಿಷಯದಲ್ಲಿ ಕಳೆಯಬೇಕು.

ಸೀಟು ಸಿಕ್ಕಿದ ಮೇಲೆ ಮನಸ್ಸು ಬದಲಾದರೆ, ಸಾಮಾನ್ಯ ಗಡುವಾದ ಮೇ 1ರೊಳಗೆ, ಸೀಟು ಕಾಯ್ದಿರಿಸುವ ಡಿಪಾಸಿಟ್ ಕಟ್ಟುವ ಮೊದಲೇ, ಬದಲಾವಣೆ ಸಾಧ್ಯವೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಸ್ಕಾಲರ್‌ಶಿಪ್ ಆ ಕಾಲೇಜಿಗೋ ವಿಷಯಕ್ಕೋ ಅಂಟಿಕೊಂಡಿದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ.

ವಿದೇಶಿ ವಿದ್ಯಾರ್ಥಿಗಳು ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರವನ್ನೂ ಗಮನಿಸಬೇಕು. ಅದರಲ್ಲಿ ಮೇಜರ್ ಜೊತೆ ಆ ವಿಷಯವನ್ನು ಗುರುತಿಸುವ ಸಿಐಪಿ ಕೋಡ್ ಇರುತ್ತದೆ. ಓದು ಮುಗಿದ ಮೇಲೆ ಸಿಗುವ 12 ತಿಂಗಳ ಓಪಿಟಿಗೆ (ಅಮೆರಿಕದಲ್ಲಿ ಕೆಲಸ ಮಾಡುವ ಅನುಮತಿ) ಇನ್ನೂ 24 ತಿಂಗಳು ಸೇರುವುದು ಕೋಡ್ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ. ಸಾಮಾನ್ಯ ಅರ್ಥಶಾಸ್ತ್ರದ 45.0601 ಆ ಪಟ್ಟಿಯಲ್ಲಿಲ್ಲ, ಗಣಿತ-ಸಂಖ್ಯಾಶಾಸ್ತ್ರ ಬಳಸುವ ಅರ್ಥಶಾಸ್ತ್ರವಾದ ಎಕನಾಮೆಟ್ರಿಕ್ಸ್‌ನ 45.0603 ಇದೆ. ಮೇಜರ್ ಬದಲಾಗಿದ್ದರೆ ವೀಸಾ ಸಂದರ್ಶನಕ್ಕೆ ಮೊದಲೇ ತಿದ್ದಿದ ಐ-20 ತರಿಸಿಕೊಂಡು, ಕೋಡ್‌ನ ಆರೂ ಅಂಕಿಗಳನ್ನು ಓದಿ ನೋಡಿ.