ಟೋಟಲ್ ಲಾಸ್ ಆದ ಹಿಮಾಲಯನ್: ತಗೊಳ್ಳೋದಾ, ಬಿಡೋದಾ?

ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು ಸಿಕ್ಕಿದೆ ಎಂದು ಹೋದ ಸಲ ಬರೆದಿದ್ದೆ. ಕೆಎ-13 ನಂಬರು. ಕೇಳುತ್ತಿರುವ ಬೆಲೆ ಮಾರ್ಕೆಟ್ ರೇಟಿಗಿಂತ ತುಂಬಾ ಕಡಿಮೆ. ಕಾರಣವನ್ನು ಮಾರುವವರೇ ಹೇಳಿದ್ದಾರೆ: ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಮಾಡಿದ ಗಾಡಿ. ಹರಾಜಿನಲ್ಲಿ ತಗೊಂಡು ರಿಪೇರಿ ಮಾಡಿಸಿದ್ದಾರೆ. ಈ ವಾರ ಗಾಡಿಯನ್ನೂ ಪೇಪರನ್ನೂ ಸಮಾಧಾನವಾಗಿ ನೋಡಿದೆವು.

ಟೋಟಲ್ ಲಾಸ್ ಅಂದ ಕೂಡಲೇ ಗುಜರಿ ಅಂದುಕೊಳ್ಳುವವರು ಜಾಸ್ತಿ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, 75% ದಾಟಿದರೆ ಕಂಪನಿ ಹಾಗೆ ಘೋಷಿಸುತ್ತದೆ. ಐಡಿವಿ ವರ್ಷ ವರ್ಷ ಇಳಿಯುತ್ತದೆ. ಎರಡು ವರ್ಷ ದಾಟಿದ ಗಾಡಿಗೆ 30%, ಮೂರು ದಾಟಿದ್ದಕ್ಕೆ 40% ಕಳೆಯುತ್ತಾರೆ. ಸ್ಪೇರ್ ಪಾರ್ಟ್ಸ್ ರೇಟು ಎಲ್ಲಿ ಇಳಿಯುತ್ತೆ ಹೇಳಿ? ಟ್ಯಾಂಕು, ಹೆಡ್‌ಲೈಟು, ಫೋರ್ಕು, ಮುಂದಿನ ಚಕ್ರ, ಆಯಿಲ್ ಕೂಲರ್ ಹೋದರೆ ಸಾಕು, ಚಾಸಿ ನೆಟ್ಟಗಿದ್ದರೂ ಲೆಕ್ಕ ಮೀರಬಹುದು. ಅದಕ್ಕೇ ನಾನು ನೋಡಲು ಹೋಗಿದ್ದು.

ಅಮೆರಿಕದಲ್ಲಿ ಇಂಥ ಗಾಡಿಯ ಟೈಟಲ್ (ಮಾಲೀಕತ್ವದ ಪತ್ರ) ಮೇಲೆಯೇ ‘ಸಾಲ್ವೇಜ್’ ಎಂದು ಬರುತ್ತದೆ. ರಿಪೇರಿ ಮಾಡಿಸಿ ತಪಾಸಣೆ ಪಾಸಾದರೆ ಸಾಮಾನ್ಯವಾಗಿ ‘ರೀಬಿಲ್ಟ್’ ಎಂದಾಗುತ್ತದೆ. ನಮ್ಮ ಆರ್‌ಸಿಯಲ್ಲಿ ಆ ಥರ ಮುದ್ರೆ ಇರುವುದಿಲ್ಲ. ಹಳೆಯ ಪಾಲಿಸಿ, ಸರ್ವೇಯರ್ ರಿಪೋರ್ಟು, ಸ್ಪೇರ್ ಬಿಲ್ಲು ಕೇಳಿ ನಾವೇ ಪತ್ತೆ ಮಾಡಬೇಕು.

ಚಿಕ್ಕಮಗಳೂರಿನಿಂದ ನಮ್ಮ ಮೆಕ್ಯಾನಿಕ್ ಅಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಬೇಲೂರು ದಾಟುವವರೆಗೂ ಅವರದು ಒಂದೇ ಮಾತು: “ಹೊಸ ಪೇಂಟ್ ನೋಡಿ ಖುಷಿ ಪಡ್ಬೇಡಿ ಸಾರ್, ಅಲ್ಲಿ ಯಾಕೆ ಹೊಡ್ಸಿದಾರೆ ಅಂತ ನೋಡಿ.”

ಅವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮೊದಲು ಹಿಂದಿನ ಚಕ್ರದ ಅಲೈನ್‌ಮೆಂಟ್ ಸರಿ ಮಾಡಿದರು. ಆಮೇಲೆ ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ತಾಗಿಸಿ ದಾರವನ್ನು ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದರು. ಹಿಮಾಲಯನ್‌ಗೆ ಹಿಂದೆ 120, ಮುಂದೆ 90 ಅಗಲದ ಟೈರು. ಹಾಗಾಗಿ ಮುಂದೆ ಎರಡೂ ಕಡೆ ಸುಮಾರು 15 ಮಿ.ಮೀ. ಸಂದು ಸಮನಾಗಿ ಬರಬೇಕು. ಬಲಗಡೆ ಬೆರಳು ಆರಾಮಾಗಿ ಹೋಯಿತು. ಎಡಗಡೆ ಹೋಗಲಿಲ್ಲ. ಇನ್ನೊಮ್ಮೆ ಎಳೆದು ನೋಡಿದರೂ ಅಷ್ಟೇ.

ಫೋರ್ಕ್ ಹೊಸದು, ಬಿಲ್ಲೂ ಇದೆ. ಹಾಗಾದರೆ ಸೊಟ್ಟ ಎಲ್ಲಿದೆ? ಟಾರ್ಚ್ ಬಿಟ್ಟು ಹೆಡ್ ಪೈಪ್, ಅಂದರೆ ಹ್ಯಾಂಡಲ್ಲೂ ಫೋರ್ಕೂ ಕೂರುವ ಚಾಸಿಯ ಮುಂಭಾಗದ ಪೈಪು, ನೋಡಿದೆವು. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಲಾಕ್ ಸ್ಟಾಪ್ ಬಲಗಡೆ ಚೌಕವಾಗಿದೆ, ಎಡಗಡೆಯದಕ್ಕೆ ಅರ ಹಾಕಿದ್ದಾರೆ. ಅದರ ಕೆಳಗಿನ ವೆಲ್ಡಿಂಗ್ ಕಂಪನಿಯದಲ್ಲ, ದಪ್ಪ ದಪ್ಪ ಗಂಟು. ಮೇಲೆ ಕಪ್ಪು ಪೇಂಟ್. ಚಾಸಿ ನಂಬರ್ ಮಾತ್ರ ಆರ್‌ಸಿಗೆ ಸರಿಯಾಗಿ ತಾಳೆಯಾಯಿತು, ಅದನ್ನು ಯಾರೂ ಮುಟ್ಟಿಲ್ಲ.

ಗಾಡಿ ಓಡಿಸಿದಾಗ ಎಂಜಿನ್ ಚೆನ್ನಾಗಿದೆ, ಗೇರ್ ಮೃದು. ಬೈಪಾಸ್‌ನಲ್ಲಿ 60ರ ಮೇಲೆ ಎಡಕ್ಕೆ ಸಣ್ಣಗೆ ಎಳೆಯುತ್ತದೆ.

ಪೇಪರ್ ವಿಷಯ ಇನ್ನೂ ತೊಡಕು. ಆರ್‌ಸಿ ಇನ್ನೂ ಮೊದಲ ಮಾಲೀಕರ ಹೆಸರಲ್ಲಿದೆ. ಬ್ಯಾಂಕಿನ ಸಾಲದ ನಮೂದೂ ಹೋಗಿಲ್ಲ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಜೊತೆಗೆ ಫಾರಂ 35 ಬೇಕು. ಮಾರುವವರ ಹತ್ತಿರ ಇರುವುದು ಮೊದಲ ಮಾಲೀಕರು ಸಹಿ ಮಾಡಿದ ಖಾಲಿ ಫಾರಂ 29 ಮತ್ತು 30 (ಹೆಸರು ವರ್ಗಾವಣೆಯ ಫಾರಂಗಳು) ಅಷ್ಟೇ. “ಎಲ್ಲರೂ ಹಿಂಗೇ ಮಾಡೋದು ಸಾರ್” ಅಂದರು. ನಿಜ, ಮಾಡುತ್ತಾರೆ. ಆದರೆ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಪ, ಆ ಮೊದಲ ಮಾಲೀಕರಿಗೆ ತಮ್ಮ ತಲೆ ಮೇಲೆ ಇಷ್ಟು ಭಾರ ಇದೆ ಅಂತ ಗೊತ್ತಿದೆಯೋ ಇಲ್ಲವೋ. ಅವರನ್ನು ಹುಡುಕಿ ತಿಳಿಸಿ ಎಂದು ಮಾರುವವರಿಗೆ ಕೇಳಿಕೊಂಡು ಬಂದೆ.

ಪೇಪರ್ ತೊಡಕನ್ನು ಓಡಾಡಿ ಬಿಡಿಸಬಹುದಿತ್ತು. ಹೆಡ್ ಪೈಪ್ ವೆಲ್ಡಿಂಗ್ ನನಗೆ ಒಪ್ಪಿಗೆಯಾಗಲಿಲ್ಲ. ಬ್ರೇಕ್ ಹಿಡಿದಾಗ, ಗುಂಡಿಗೆ ಬಿದ್ದಾಗ ಪೂರ್ತಿ ಹೊಡೆತ ಬರುವ ಜಾಗ ಅದು. ಮಳೆಗಾಲದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವ ಗಾಡಿ ಇದು. ಹೊಸ ಚಾಸಿ ಹಾಕಿಸೋಣವೆಂದರೆ ಆರ್‌ಟಿಒದಲ್ಲಿ ಚಾಸಿ ನಂಬರ್ ಬದಲಾವಣೆಯ ಕೆಲಸ ಬೇರೆ, ಉಳಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಬೇಡ ಎಂದು ಫೋನ್ ಮಾಡಿ ಹೇಳಿದೆ, ಕಾರಣವನ್ನೂ ಹೇಳಿದೆ.

ಈಗ ಮೂಡಿಗೆರೆಯಲ್ಲಿ ಇನ್ನೊಂದು ಹಿಮಾಲಯನ್ ಇದೆ. ಕಿಲೋಮೀಟರ್ ಜಾಸ್ತಿ ಓಡಿದೆ, ಬೆಲೆಯೂ ಜಾಸ್ತಿ. ಪಾಲಿಸಿ ಫೋಟೋ ತರಿಸಿಕೊಂಡೆ, ನೋ ಕ್ಲೈಮ್ ಬೋನಸ್ 45% ಇದೆ. ಅಂದರೆ ಸತತ ನಾಲ್ಕು ವರ್ಷ ಕ್ಲೈಮ್ ಆಗಿಲ್ಲ. ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದ್ದರೆ ಅದರಲ್ಲಿ ಗೊತ್ತಾಗಲ್ಲ, ಹಾಗಾಗಿ ಭಾನುವಾರ ಅಣ್ಣನನ್ನು ಕರೆದುಕೊಂಡು ಅದನ್ನೂ ನೋಡಿ ಬರುತ್ತೇನೆ.