ಹಳೇ ಜನಗಣತಿಯಲ್ಲಿ ನಿಮ್ಮ ಮುತ್ತಾತ ಸಿಗಲ್ಲ

ಪ್ರಶ್ನೆ ಇದು: "ಮೇಷ್ಟ್ರೇ, ಹಳೇ ಜನಗಣತಿ ದಾಖಲೆಯಲ್ಲಿ ನಮ್ಮ ಮುತ್ತಾತನ ಹೆಸರು ಹುಡುಕಿಕೊಡ್ತೀರಾ?"

ಉತ್ತರ: ಆಗಲ್ಲ. ನನ್ನ ಕೈಲಿ ಅಂತಲ್ಲ, ಯಾರ ಕೈಲೂ ಆಗಲ್ಲ.

ಇದನ್ನು ಮದುವೆಮನೆಯಲ್ಲಿ ಹೇಳಿದ್ದೇನೆ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತಾಗಲೂ ಹೇಳಿದ್ದೇನೆ. ನಾನು ಸ್ಕೂಲ್ ಮೇಷ್ಟ್ರಾಗಿದ್ದೆ. ಜನಗಣತಿ ಡ್ಯೂಟಿ ಮಾಡಿದ್ದೇನೆ. ರಿಟೈರ್ ಆದಮೇಲೆ ಹಳೇ ಕಾಗದಪತ್ರ ಓದುವ ಚಟ ಹತ್ತಿದೆ. ಈ ಮೂರನ್ನೂ ಕೂಡಿಸಿ ಜನ ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಇವನ ಮನೆ ಅಟ್ಟದ ಮೇಲೆ 1881ರ ಪುಸ್ತಕ ಇದೆ, ಬೇಕಂತಲೇ ತೋರಿಸ್ತಿಲ್ಲ.

ಅಟ್ಟದ ಮೇಲೆ ಇರುವುದು ಹಳೇ ಹಾಸಿಗೆ. ಬಂದು ನೋಡಬಹುದು.

ಆಗ ಹೆಸರು ಬರೆದುಕೊಳ್ಳುತ್ತಿದ್ದರು, ಅದು ನಿಜ. ಇಡೀ ದೇಶಕ್ಕೆ ಒಂದೇ ಹೊತ್ತಿಗೆ ಮೊದಲ ಸಲ ಲೆಕ್ಕ ಮಾಡಿದ್ದು 1881ರ ಫೆಬ್ರವರಿ 17ರ ರಾತ್ರಿ. 1931ರವರೆಗೂ ಹೀಗೆ ಒಂದೇ ರಾತ್ರಿಯ ಲೆಕ್ಕ. ಆ ರಾತ್ರಿ ನೀವು ಎಲ್ಲಿ ಮಲಗಿದ್ದೀರೋ ಆ ಊರಿನ ಲೆಕ್ಕಕ್ಕೆ ಸೇರುತ್ತೀರಿ. ಆಮೇಲೆ ಆ ಹಾಳೆಗಳ ಮೇಲೆ ಕೆಲಸ ಶುರು. 1901ರಿಂದ ಚೀಟಿ ಪದ್ಧತಿ ಬಂತು. ಒಬ್ಬೊಬ್ಬರಿಗೂ ಒಂದೊಂದು ಚೀಟಿ. ಧರ್ಮ ಯಾವುದು ಅಂತ ಚೀಟಿಯ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಗುಮಾಸ್ತರು ಅವನ್ನು ಗೂಡುಗೂಡಾಗಿ ವಿಂಗಡಿಸುತ್ತಿದ್ದರು. ವಯಸ್ಸಿನ ಪ್ರಕಾರ ಒಂದು ಸಲ, ಕಸುಬಿನ ಪ್ರಕಾರ ಇನ್ನೊಂದು ಸಲ. ಎಣಿಸಿ ಕೋಷ್ಟಕಕ್ಕೆ ಏರಿಸಿದ ಮೇಲೆ ಚೀಟಿ, ಹಾಳೆ ಯಾವುದೂ ಬೇಕಾಗಿರಲಿಲ್ಲ. ವಿಲೇವಾರಿ ಮಾಡಿಬಿಟ್ಟರು. ಉಳಿದದ್ದು ದಪ್ಪ ದಪ್ಪ ವರದಿಗಳು. ಅದರಲ್ಲಿ ನಿಮ್ಮ ಮುತ್ತಾತ ಇದ್ದಾರೆ, ಇಲ್ಲ ಅನ್ನಲ್ಲ. 'ಇಂಥ ಜಿಲ್ಲೆ, ಬೇಸಾಯಗಾರರು, ಗಂಡಸರು' ಅನ್ನುವ ಕಾಲಂನಲ್ಲಿ ಸಾವಿರಾರು ಜನರ ಜೊತೆ ಒಂದು ಅಂಕಿಯಾಗಿ ಕೂತಿದ್ದಾರೆ.

ಸ್ವಾತಂತ್ರ್ಯ ಬಂದಮೇಲಿನದಾದರೂ ಸಿಗಬಹುದಾ? ಸಿಗಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಓದಿ. ಗಣತಿದಾರರು ಬರೆದದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಸಿವಿಲ್ ಕೇಸಿನಲ್ಲಿ ಅದು ಸಾಕ್ಷಿಯಾಗಿಯೂ ನಡೆಯಲ್ಲ. ನನಗಂತೂ ಈ ಕಾನೂನಿನ ಮೇಲೆ ಗೌರವ ಇದೆ. 2011ರಲ್ಲಿ ನಾನು ಬಾಗಿಲು ತಟ್ಟಿದಾಗ "ಇದನ್ನ ಯಾರಿಗೆ ಕೊಡ್ತೀರಿ? ರೇಷನ್ ಕಾರ್ಡ್ ಕಿತ್ಕೊಳ್ತಾರಾ?" ಅಂತ ಹೆದರಿದವರಿಗೆಲ್ಲ, "ಯಾರಿಗೂ ತೋರಿಸಲ್ಲಮ್ಮ" ಅಂತ ಧೈರ್ಯವಾಗಿ ಹೇಳುತ್ತಿದ್ದೆ. ಆ ಮಾತು ಸುಳ್ಳಾಗಬೇಕಾ?

ಇಷ್ಟು ಹೇಳಿದ ಮೇಲೂ ಒಂದು ಬಾಣ ಬಾಕಿ ಇರುತ್ತದೆ. "ಫಾರಿನ್‌ನಲ್ಲಿ ಸಿಗುತ್ತಲ್ಲ?"

ಮೈಸೂರಲ್ಲಿ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದವರು ನಮ್ಮ ಬೀಗರ ಕಡೆಯವರು. ಮಗ ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್. ಎಡಗೈಯಲ್ಲಿ ಮೊಬೈಲ್ ಹಿಡಿದು ನನ್ನ ಹೋಳಿಗೆಯ ಮೇಲೆ ಚಾಚಿದರು. ಮಗನ ಆಫೀಸಿನ ಐರಿಶ್ ಮನುಷ್ಯನೊಬ್ಬ ಹುಡುಕಿ ತೆಗೆದ 1911ರ ಗಣತಿ ಹಾಳೆ ಅದು. ಐರ್ಲೆಂಡಿನಲ್ಲಿ 1901, 1911ರ ಹಾಳೆಗಳೆಲ್ಲ ಆನ್‌ಲೈನ್‌ನಲ್ಲಿವೆ, ಪುಕ್ಕಟೆ. ನೋಡಿದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಮನೆ ಯಜಮಾನನ ಸಹಿ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವುದೆಷ್ಟು ಅಂತ ಕಾಲಂಗಳು. ಹುಟ್ಟಿದ್ದು ಒಂಬತ್ತು, ಉಳಿದದ್ದು ಐದು.

"ನೋಡಿ, ಅವರದ್ದು ಎಷ್ಟು ನೀಟಾಗಿದೆ. ನಮ್ಮೋರಿಗೆ ಬುದ್ಧಿ ಇಲ್ಲ," ಅಂದರು.

ಆ ಐರ್ಲೆಂಡಿನವರೇ 1881, 1891ರ ಹಾಳೆಗಳನ್ನು ಒಂದನೇ ಮಹಾಯುದ್ಧದ ಹೊತ್ತಿಗೆ ಅರೆದು ರದ್ದಿ ಮಾಡಿದರು. ಅದಕ್ಕೂ ಹಿಂದಿನ ಎಷ್ಟೋ ಹಾಳೆಗಳು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಯ ಜೊತೆ ಸುಟ್ಟುಹೋದವು. ಅಮೆರಿಕದ 1890ರ ಗಣತಿಯ ಹಾಳೆಗಳೂ ಬೆಂಕಿ, ನೀರಿಗೆ ಸಿಕ್ಕಿ ಹಾಳಾದವು, ಬಹುಪಾಲು ಉಳಿಯಲೇ ಇಲ್ಲ. ಇದನ್ನೆಲ್ಲ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವರು ನಿಜವಾದ ವಿಷಯಕ್ಕೆ ಬಂದರು. "ನಮ್ಮ ಮುತ್ತಾತ ಪಟೇಲರಾಗಿದ್ರಂತೆ. ಅದಕ್ಕೊಂದು ದಾಖಲೆ ಸಿಕ್ಕಿದ್ರೆ ಸಾಕಿತ್ತು."

ನನಗೆ ರೇಗುವುದು ಇಲ್ಲೇ. ನನ್ನನ್ನು ಕೇಳಿದವರ ಮುತ್ತಾತಂದಿರೆಲ್ಲ ಪಟೇಲರು, ಶಾನುಭೋಗರು, ಇಲ್ಲವೇ ಮಹಾರಾಜರಿಗೆ ಬೇಕಾದವರು. ಹಾಗಾದರೆ ಕೂಲಿ ಮಾಡಿದವರು, ಸಾಲ ಮಾಡಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವರು ಯಾರ ಮುತ್ತಾತಂದಿರು? ಅವರಿಗೆ ಮಕ್ಕಳೇ ಆಗಲಿಲ್ವಾ? ಮುತ್ತಜ್ಜಿಯ ಹೆಸರನ್ನಂತೂ ಒಬ್ಬರೂ ಕೇಳಿಲ್ಲ. ಆ ಕಾಲದ ಗಣತಿಯಲ್ಲಿ ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಸುಮ್ನೆ 'ಹೆಂಗಸು' ಅಂತ ಬರೆದುಕೊಂಡರೆ ಸಾಕಿತ್ತು. ನಾವು ಅಲ್ಲಿಂದ ಬಹಳ ದೂರ ಬಂದಿಲ್ಲ.

ಬೀಗರ ಕಡೆಯವರು, ಬಿಡುವ ಹಾಗಿಲ್ಲ. ಊರು ಯಾವುದು ಅಂತ ಕೇಳಿದೆ. ಹೆಸರು ಹೇಳಿದರು. ಹಳೇ ಐಎಲ್, ಆರ್‌ಆರ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಅನ್ನುವ ಜಮೀನಿನ ದಾಖಲೆಗಳು) ತೆಗೆಸಿ, ಸರ್ವೆ ನಂಬರ್ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಂದೆ. ಮನುಷ್ಯ ಹಟಗಾರ, ಹೋದರು. ಒಂದು ನಕಲು ಸಿಕ್ಕಿತು. ಓದಿಕೊಡಿ ಅಂತ ಮನೆಗೇ ತಂದರು.

ಓದಿದೆ. 'ಬರೆಸಿಕೊಟ್ಟ ಭೋಗ್ಯದ ಪತ್ರದ ಕ್ರಮವೇನೆಂದರೆ' ಅಂತ ಶುರು. ಅವರ ಮುತ್ತಾತ ಮಗಳ ಮದುವೆಯ ಖರ್ಚಿಗೂ, ಎತ್ತು ತರುವುದಕ್ಕೂ ಜಮೀನನ್ನು ಭೋಗ್ಯಕ್ಕೆ ಹಾಕಿ ದುಡ್ಡು ತೆಗೆದುಕೊಂಡಿದ್ದಾರೆ. ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತು. ಪಟೇಲರೂ ಇದ್ದಾರೆ ಪತ್ರದಲ್ಲಿ. ಚೆಕ್ಕುಬಂದಿಯಲ್ಲಿ, ಅಂದರೆ ಜಮೀನಿನ ಗಡಿ ಹೇಳುವ ಕಡೆ: ಪೂರ್ವಕ್ಕೆ ಪಟೇಲರ ಜಮೀನು.

ಅವರು ತುಂಬಾ ಹೊತ್ತು ಆ ಹಾಳೆ ನೋಡಿದರು. ಆಮೇಲೆ, "ಇದು ಬೇರೆ ಯಾರೋ ಇರಬೇಕು ಮೇಷ್ಟ್ರೇ. ಅದೇ ಹೆಸರಿನೋರು ಬೇಕಾದಷ್ಟು ಜನ ಇರ್ತಿದ್ರು," ಅಂದರು. ನಾನು ಕಾಫಿ ತರಲು ಒಳಗೆ ಹೋದೆ.

ಇದಕ್ಕಿಂತ ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಬಾರದಾ? ನಮ್ಮವರು ಯಾರು ಅನ್ನುವುದು ಹಾಗಿರಲಿ, ನಮ್ಮವರು ಆ ಊರು ಬಿಟ್ಟದ್ದು ಯಾಕೆ ಅಂತ ಕೇಳಿ. ಹೆಸರೇ ಇಲ್ಲದ ಆ ದಪ್ಪ ವರದಿಗಳು ಆಗ ಬಾಯಿ ಬಿಡುತ್ತವೆ.

ಮೈಸೂರು ಸಂಸ್ಥಾನದ ಲೆಕ್ಕವನ್ನೇ ತಗೊಳ್ಳಿ. 1871ರಲ್ಲಿ ಜನ 50 ಲಕ್ಷ ದಾಟಿದ್ದರು. ಹತ್ತು ವರ್ಷ ಕಳೆದರೆ ಜಾಸ್ತಿ ಆಗಬೇಕು ಅಲ್ವಾ? 1881ರಲ್ಲಿ 42 ಲಕ್ಷಕ್ಕೂ ಮುಟ್ಟಲಿಲ್ಲ. ನಡುವೆ ಬಂದದ್ದು 1876ರಿಂದ 78ರವರೆಗಿನ ಬರ, ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದದ್ದು. ಎಂಟು ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದಲೇ ಮಾಯ. ಹೆಚ್ಚಿನವರು ಸತ್ತರು, ಕೆಲವರು ಎದ್ದು ಹೋದರು. ನಿಮ್ಮ ಮನೆಯಲ್ಲಿ ಮುತ್ತಾತನ ಅಪ್ಪನ ಹೆಸರಿಗೇ ಕಥೆ ನಿಂತುಬಿಡುತ್ತದೆ, ಅದರ ಹಿಂದೆ ಯಾರಿಗೂ ಏನೂ ಗೊತ್ತಿಲ್ಲ ಅಂತಿದ್ದರೆ, ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

ಊರಿನ ಮಟ್ಟದ್ದು ಬೇಕಾದರೆ 1951ರಿಂದ ಈಚೆಗೆ ಜಿಲ್ಲಾ ಜನಗಣತಿ ಕೈಪಿಡಿಗಳಿವೆ. ಊರಿಗೊಂದು ಸಾಲು. ಮನೆ ಎಷ್ಟು, ಜನ ಎಷ್ಟು, ಓದುಬರಹ ಬಲ್ಲವರೆಷ್ಟು. ಕೆಲವು ಊರುಗಳ ಮುಂದೆ ಜನವೇ ಇಲ್ಲ. ಕಂದಾಯದವರ ಬಾಯಲ್ಲಿ ಬೇಚರಾಕ್ ಗ್ರಾಮ. ಊರಿಗೆ ಹೆಸರಿದೆ, ಗಡಿ ಇದೆ, ಸರ್ವೆ ನಂಬರ್ ಇದೆ, ಒಲೆ ಹಚ್ಚುವವರಿಲ್ಲ. ಯಾವುದೋ ಬರ, ಯಾವುದೋ ಪ್ಲೇಗು, ಎಲ್ಲರೂ ಎದ್ದು ಪಕ್ಕದ ಊರು ಸೇರಿದ್ದಾರೆ. ಎಷ್ಟೋ ಮನೆತನಗಳ 'ಮೂಲ ಊರು' ಅಂಥದ್ದೇ.

ಹೆಸರೇ ಬೇಕು ಅನ್ನುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಜಮೀನಿದ್ದವರು ಪಹಣಿ, ಮ್ಯುಟೇಶನ್, ವಿಭಾಗಪತ್ರ ನೋಡಿ. ಜಮೀನಿಲ್ಲದಿದ್ದರೆ ಊರಿನ ಹಳೇ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ, ತಂದೆ ಹೆಸರು ಸಿಗುತ್ತದೆ. ಹುಟ್ಟಿದ ತಾರೀಖು ಜೂನ್ 1 ಅಂತಿದ್ದರೆ ನಂಬಬೇಡಿ, ಅದು ನಮ್ಮಂಥ ಮೇಷ್ಟ್ರುಗಳು ಕೊಟ್ಟ ಹುಟ್ಟುಹಬ್ಬ. ನಿಮ್ಮ ಕಡೆಗೆ ಹೆಳವರು ಬರುತ್ತಿದ್ದರೆ ನಿಮ್ಮಂಥ ಪುಣ್ಯವಂತರಿಲ್ಲ. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಕಾಳು ಕಡಿ ಈಸಿಕೊಂಡು ತಲೆಮಾರು ತಲೆಮಾರಿನ ಹೆಸರು ಹೇಳುವವರು. ಯಾವ ಸರ್ಕಾರವೂ ಮಾಡದ ಕೆಲಸ ಅದು. ಬಂದರೆ ಚಿಲ್ಲರೆ ಇಲ್ಲ ಅಂತ ಬಾಗಿಲು ಹಾಕಬೇಡಿ.

ಬೀಗರ ಕಡೆಯವರು ಆಮೇಲೆ ಒಂದು ರಾತ್ರಿ ಫೋನ್ ಮಾಡಿದರು. ಪಟೇಲರ ಸುದ್ದಿ ಎತ್ತಲಿಲ್ಲ. "ಆ ಭೋಗ್ಯದ ಜಮೀನು ಬಿಡಿಸಿಕೊಂಡ್ರಾ, ಇಲ್ಲ ಹಾಗೇ ಹೋಯ್ತಾ? ಎಲ್ಲಿ ನೋಡೋದು ಮೇಷ್ಟ್ರೇ?" ಅಂದರು. ನಿದ್ದೆಗಣ್ಣಲ್ಲಿದ್ದರೂ ಎದ್ದು ಕೂತು ವಿವರವಾಗಿ ಹೇಳಿದೆ. ಇ.ಸಿ., ಅಂದರೆ ಜಮೀನಿನ ಋಣಭಾರ ಪತ್ರ, ತೆಗೆಸಬೇಕು. 2004ರಿಂದ ಈಚಿನದು ಕಂಪ್ಯೂಟರಿನಲ್ಲಿ ಬರುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಸರ್ವೆ ನಂಬರ್ ಸರಿಯಾಗಿ ಬರೆಯಿರಿ, ಭೋಗ್ಯದ ವರ್ಷದಿಂದಲೇ ಹುಡುಕಿಸಿ ಅಂದೆ. ಸೋಮವಾರ ಹೋಗ್ತೀನಿ ಅಂದರು.