ಅಕ್ಕಲಕೋಟೆಗೆ ಕಲ್ಲು ಹುಡುಕಲು ಹೋಗುವವರಿಗೆ

ಯುವಿ (ನೇರಳಾತೀತ ಬೆಳಕಿನ) ಟಾರ್ಚಿಗೆ ಹೊಳೆಯುವ ಕಲ್ಲು ಹುಡುಕಲು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಗೆ ಹೋದವರಿಗೆ ಮೊದಲ ಮೋಸ ಟಾರ್ಚಿನಲ್ಲೇ ಆಗುತ್ತದೆ. ನನಗೂ ಆಯಿತು. 365 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಅಂತ ಬರೆದು ಕೊಟ್ಟಿದ್ದು 395ರದ್ದು, ಅಂದರೆ ಕಣ್ಣಿಗೆ ಕಾಣುವ ನೇರಳೆಗೆ ಹತ್ತಿರದ್ದು. ಅದನ್ನು ಹಚ್ಚಿದರೆ ಕಲ್ಲು, ಮಣ್ಣು, ಚಪ್ಪಲಿ ಎಲ್ಲವೂ ನೇರಳೆ. ಗೆಳೆಯನ ಟಾರ್ಚಿಗೆ ಕಪ್ಪು ಗಾಜಿನ ಫಿಲ್ಟರ್ ಇತ್ತು. ಅದರ ಬೆಳಕು ಕಣ್ಣಿಗೆ ಕಾಣುವುದು ಕಡಿಮೆ, ಹೊಳೆಯುವ ಕಲ್ಲು ಮಾತ್ರ ಎದ್ದು ಕಾಣುತ್ತದೆ. ದುಡ್ಡು ಜಾಸ್ತಿಯಾದರೂ ಅಂಥದ್ದನ್ನೇ ತಗೊಳ್ಳಿ.

ಎರಡನೇ ತಪ್ಪು ನನ್ನದೇ. ಗುರುವಾರ ಹೋದೆ, ಅವತ್ತೇ ಹುಣ್ಣಿಮೆ. ಇಲ್ಲಿನ ಸಂತ ಸ್ವಾಮಿ ಸಮರ್ಥರ ದರ್ಶನಕ್ಕೆ ಊರು ತುಂಬ ಜನ. ಕಿಟಕಿಯೇ ಇಲ್ಲದ ರೂಮಿಗೆ 1,800 ರೂಪಾಯಿ ತೆತ್ತೆ. ಗದ್ದಲ ನನಗೆ ಆಗಿಬರಲ್ಲ, ಬೇರೆಯವರಿಗೆ ಅದೇ ಜಾತ್ರೆ ಅನ್ನಿಸಬಹುದು.

ಹೊಟ್ಟೆ ತಣ್ಣಗೆ ಮಾಡಿದ್ದು ಹಿಂದಿನ ಗಲ್ಲಿಯ ಒಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು. ಬೇಡ ಅಂದರೂ ಅಜ್ಜಿ ಬಿಡಲಿಲ್ಲ. "ಅರ್ಧಾರೆ ಹಾಕ್ಕೋರಿ, ಹೊಲದಾಗ ತಿರಗೋರು ನೀವು." ಎಲ್ಲ ಸೇರಿ 90 ರೂಪಾಯಿ. ಎರಡು ದಿನವೂ ಅಲ್ಲೇ ಉಂಡೆ. ಎರಡನೇ ದಿನ ಪುಂಡಿಪಲ್ಯ ಇತ್ತು, ಅದಕ್ಕೋಸ್ಕರವೇ ಇನ್ನೊಮ್ಮೆ ಹೋಗಬಹುದು.

ಇನ್ನು ಕಲ್ಲು. ಇಲ್ಲಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಅದರ ಗಾಳಿಗುಳ್ಳೆಗಳಲ್ಲಿ ಆಮೇಲೆ ಕ್ಯಾಲ್ಸೈಟ್, ಜಿಯೋಲೈಟ್ ಎಂಬ ಖನಿಜಗಳು ಬೆಳೆದಿವೆ. ಬಾವಿ ತೋಡಿ ಹಾಕಿದ ರಾಶಿಯೇ ಒಳ್ಳೆ ಜಾಗ, ಆದರೆ ಹೊಲದವರನ್ನು ಕೇಳದೆ ಮುಟ್ಟಬೇಡಿ. ಹುಡುಕಬೇಕಾದ್ದು ಕ್ಯಾಲ್ಸೈಟ್, ಬಿಳಿ ಕಲ್ಲಿಗೆಲ್ಲ ಆಸೆ ಪಡಬೇಡಿ. ಚಾಕು ಗೀರಿದರೆ ಗೀರು ಬೀಳಬೇಕು, ನಿಂಬೆರಸ ಹಾಕಿದರೆ ಸಣ್ಣಗೆ ಗುಳ್ಳೆ ಏಳಬೇಕು. ಆಗ ಅದು ಕ್ಯಾಲ್ಸೈಟ್. ಅದೂ ಎಲ್ಲವೂ ಹೊಳೆಯಲ್ಲ. ಒಳಗೆ ಕಬ್ಬಿಣ ಜಾಸ್ತಿಯಿದ್ದರೆ ಹೊಳಪು ಸಾಯುತ್ತದೆ.

ರಾತ್ರಿ ಹೊಲಕ್ಕೆ ಇಳಿದಿದ್ದೇ ಪೆದ್ದತನ. ಬೆಳದಿಂಗಳಲ್ಲಿ ಏನೂ ಕಾಣಲಿಲ್ಲ. ಕಂಡಿದ್ದು ಒಂದೇ, ಕಲ್ಲಿನ ಸಂದಿಯಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಚೇಳು! ಯುವಿ ಬೆಳಕಿಗೆ ಚೇಳೂ ಹೊಳೆಯುತ್ತದೆ. ಬೂಟು ಹಾಕದೆ ಹೋಗಬೇಡಿ. ಅಷ್ಟರಲ್ಲಿ ದೂರದಿಂದ ಕೂಗು: "ಯಾರಲೇ ಅದು, ನಿಧಿ ತಗ್ಯಾಕ ಬಂದೀರೇನು?" ಹಗಲು ಅನುಮತಿ ಕೊಟ್ಟ ರೈತರೇ ಬಂದು ಬಿಡಿಸಿದರು. ಅದಕ್ಕೇ ಹೇಳೋದು, ಹಗಲಲ್ಲೇ ಆರಿಸಿಕೊಳ್ಳಿ, ಕಂಬಳಿ ಹೊದ್ದು ಟಾರ್ಚ್ ಹಾಕಿ ನೋಡಿ. ಟಾರ್ಚನ್ನು ಕಣ್ಣಿಗೆ ಮಾತ್ರ ಹಿಡಿಯಬೇಡಿ.

ಆರಿಸಿ ತಂದಿದ್ದ ಹನ್ನೊಂದು ಕಲ್ಲುಗಳನ್ನು ರೂಮಿನ ನೆಲದ ಮೇಲೆ ಹರಡಿದೆವು. ಲೈಟ್ ಆರಿಸಿದರೆ ಕಗ್ಗತ್ತಲೆ, ಕಿಟಕಿ ಇಲ್ಲವಲ್ಲ! ಎಂಟು ಸುಮ್ನೆ ಕೂತವು. ಎರಡು ಹಾಲಿನ ಬಣ್ಣಕ್ಕೆ ತಿರುಗಿದವು. ಒಂದು ಮಾತ್ರ ಟಾರ್ಚ್ ಆರಿಸಿದ ಮೇಲೂ ಕ್ಷಣಹೊತ್ತು ಮಿಣುಕಿತು.